ಒಂಬತ್ತನೇ ಮಹಡಿಗೆ ಬೇಬಿಯ ಗೃಹಪ್ರವೇಶ

ನನ್ನ ಡೈರಿಯಲ್ಲಿ ೨೦೨೪ರ ಜೂನ್ ೯, ಭಾನುವಾರದ ಪುಟದಲ್ಲಿ ಹೀಗಿದೆ: "ಮಾಧವರಂ ಮನೆ ಖಾಲಿ ಮಾಡಿದೆವು. ಬೇಬಿ ಹಸುವಾಯಿತು." ಎರಡೂ ನಿಜ.

ಬೇಬಿ ನಮ್ಮ ನಾಯಿ. ವಯಸ್ಸು ಹನ್ನೆರಡು, ಹಿಂಗಾಲುಗಳಲ್ಲಿ ಕೀಲುನೋವು. ಸಾಕುಪ್ರಾಣಿಯೊಂದಿಗೆ ಮನೆ ಬದಲಿಸುವವರು ಪಾಲಿಸಬೇಕಾದದ್ದನ್ನೆಲ್ಲ, ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ ನಾನು ಪಾಲಿಸಿದ್ದೆ. ಬೆಳಿಗ್ಗೆ ಹೊಟ್ಟೆ ತುಂಬ ಹಾಕಲಿಲ್ಲ. ಅದರ ಹಳೆಯ ಹೊದಿಕೆಯನ್ನು ಒಗೆಯದೆ ಜೊತೆಗಿಟ್ಟೆ. ಸಾಮಾನಿನ ಲಾರಿಗೆ ಹತ್ತಿಸದೆ ಟ್ಯಾಕ್ಸಿ ಮಾಡಿದೆ. ಅದೇ ಊರಿನ ಕೋಯಂಬೇಡು ಬಡಾವಣೆಯ ಹೊಸ ಅಪಾರ್ಟ್‌ಮೆಂಟಿನ ಗೇಟಿನವರೆಗೆ ಪ್ರಯಾಣ ಸುರಕ್ಷಿತವಾಗಿಯೇ ಇತ್ತು. ನಮ್ಮ ಫ್ಲಾಟು ಮಾತ್ರ ಒಂಬತ್ತನೇ ಮಹಡಿಯಲ್ಲಿತ್ತು.

ಲಿಫ್ಟಿನ ಪಕ್ಕ ಮಾಲೀಕರ ಸಂಘದ ಪ್ರಕಟಣೆ: "ಲಿಫ್ಟಿನಲ್ಲಿ ಯಾವುದೇ ಪ್ರಾಣಿಯನ್ನು ಸಾಗಿಸತಕ್ಕದ್ದಲ್ಲ. ಗೃಹಪ್ರವೇಶದ ಹಸುವಿಗೆ ಈ ನಿಯಮ ಅನ್ವಯಿಸುವುದಿಲ್ಲ."

ಸಂಘದ ಕಾರ್ಯದರ್ಶಿ ಸೀತಾರಾಮ ಅವರು ನಮ್ಮ ಮೈಸೂರು ಕಡೆಯವರೇ, ಬ್ಯಾಂಕಿನಿಂದ ನಿವೃತ್ತರು. ಮೆಟ್ಟಿಲು ಹತ್ತಲು ನಾಯಿಗೆ ಯಾವ ನಿರ್ಬಂಧವೂ ಇಲ್ಲವೆಂದು ವಿನಯದಿಂದ ತಿಳಿಸಿದರು. ಬೇಬಿ ಎರಡು ಮೆಟ್ಟಿಲು ಹತ್ತಿ ಕುಳಿತುಬಿಟ್ಟಿತು. ನಮ್ಮೆಜಮಾನರು, ಶಂಕರನಾರಾಯಣ, ಅದರ ಪಕ್ಕದಲ್ಲೇ ಕುಳಿತರು.

"ನೀನು ಮೇಲೆ ಹೋಗಿ ಹಾಲುಕ್ಕಿಸು ಜಯಾ. ನಾನೂ ಬೇಬಿನೂ ಇಲ್ಲೇ ಇರ್ತೀವಿ."

ಜೀವಮಾನವಿಡೀ ವಿಮಾ ಕಚೇರಿಯಲ್ಲಿದ್ದವರು, ಕೂತರೆ ಏಳುವವರಲ್ಲ. ನಾನು ಸೀತಾರಾಮ ಅವರತ್ತ ತಿರುಗಿದೆ.

"ಹಸು ಅಂದ್ರೆ ಏನು ಅಂತ ನಿಮ್ಮ ನಿಯಮದಲ್ಲಿ ಎಲ್ಲಾದರೂ ಬರೆದಿದೆಯಾ?"

ಅವರು ನಿಯಮಾವಳಿಯನ್ನು ತಿರುವಿಹಾಕಿದರು. "ಇಲ್ಲ ಮೇಡಂ. ಹಣೆಗೆ ಕುಂಕುಮ, ಕೊರಳಿಗೆ ಹಾರ, ಹಸು ಶುಲ್ಕ ಐನೂರು. ಇಷ್ಟೇ ಇರೋದು."

"ಕೊಂಬು?"

"ಕೊಂಬಿನ ಪ್ರಸ್ತಾಪ ಇಲ್ಲ."

ಕುಂಕುಮ, ಹಾರ ಪೂಜೆಯ ಚೀಲದಲ್ಲೇ ಇದ್ದವು. ಬೇಬಿಗೆ ಹಚ್ಚಿ, ಹಾಕಿ, ಐನೂರು ಕಟ್ಟಿದೆ. ಕಾವಲುಗಾರ ಬೇಬಿಯನ್ನು ಒಮ್ಮೆ ನೋಡಿ, ಹಸು ಬಂದಿದೆಯೆಂದು ತನ್ನ ಪುಸ್ತಕದಲ್ಲಿ ತಮಿಳಿನಲ್ಲಿ ಬರೆದುಕೊಂಡ. ಲಿಫ್ಟಿನಲ್ಲಿ ಬೇಬಿ ಬೊಗಳಿತು.

"ಕರು ಬಿಟ್ಟು ಬಂದಿರಬೇಕು, ಪಾಪ," ಎಂದರು ಸೀತಾರಾಮ.

ಸಂಜೆ ಒಂದು ತಾಂತ್ರಿಕ ತೊಡಕು ಎದುರಾಯಿತು. ಬೇಬಿ ಕೆಳಗೆ ಹೋಗಲೇಬೇಕು. ಹೋದದ್ದು ಲಿಫ್ಟಿನಲ್ಲಿ ಮರಳಬೇಕಾದರೆ ಮತ್ತೆ ಗೃಹಪ್ರವೇಶವಾಗಬೇಕು. ಸಂಘದ ಸಮಿತಿ ತುರ್ತು ಸಭೆ ಸೇರಿತು. ನಮ್ಮ ಗೃಹಪ್ರವೇಶ ದಿನಕ್ಕೆರಡು ಬಾರಿ ನಡೆಯಲು ಅಭ್ಯಂತರವಿಲ್ಲ, ಆದರೆ ಪ್ರತಿ ಬಾರಿಯೂ ಹಾಲುಕ್ಕಿಸಿ ಕಾರ್ಯದರ್ಶಿಯವರಿಗೆ ತೋರಿಸತಕ್ಕದ್ದು ಎಂದು ನಿರ್ಣಯಿಸಿತು. ಶುಲ್ಕಕ್ಕೆ ತಿಂಗಳ ಪಾಸು ಮಾಡಿಕೊಟ್ಟಿತು. ಅಂದಿನಿಂದ ಸೀತಾರಾಮ ಅವರು ಬೆಳಿಗ್ಗೆ, ಸಂಜೆ ತಪ್ಪದೆ ಬಂದು ಹಾಲನ್ನು ಪರಿಶೀಲಿಸುತ್ತಾರೆ, ಕಾಫಿಯ ರೂಪದಲ್ಲಿ.

ಈಗ ನಮ್ಮ ಬ್ಲಾಕಿನಲ್ಲಿ ಪಾಸು ಪಡೆದ ಹಸುಗಳು ಆರು. ಅವುಗಳಲ್ಲಿ ಎರಡು ಮಿಯಾಂವ್ ಎನ್ನುತ್ತವೆ. ಕಳೆದ ತಿಂಗಳು ಮೂರನೇ ಮಹಡಿಗೆ ಬಂದ ಹೊಸಬರು ಗೃಹಪ್ರವೇಶಕ್ಕೆಂದು ಕೊಂಬು, ಕೆಚ್ಚಲುಗಳಿದ್ದ ಒಂದು ಪ್ರಾಣಿಯನ್ನು ಕರೆತಂದಿದ್ದರು. ಕಾವಲುಗಾರ ಪಾಸು ಕೇಳಿದ. ಇರಲಿಲ್ಲ. ಮೆಟ್ಟಿಲು ತೋರಿಸಿದ.

ನಮಗೆ ತಗುಲಿದ ಖರ್ಚು: ಟ್ಯಾಕ್ಸಿ ಒಂಬೈನೂರು, ಮೊದಲ ದಿನದ ಹಸು ಶುಲ್ಕ ಐನೂರು, ಪಾಸು ತಿಂಗಳಿಗೆ ಸಾವಿರದ ಐನೂರು, ಹಾಲು ದಿನಕ್ಕೆ ಒಂದು ಲೀಟರ್. ಅಗಸೆ ಸೊಪ್ಪಿಗೆ ಖರ್ಚಿಲ್ಲ. ಅಮಾವಾಸ್ಯೆಯಂದು ಹಸುವಿಗೆ ಕೊಡಬೇಕೆಂದು ಅಕ್ಕಪಕ್ಕದವರೇ ತಂದು, ಬೇಬಿಗೆ ಕೈಮುಗಿದು ಹೋಗುತ್ತಾರೆ. ಬೇಬಿ ಮೂಸಿ ನೋಡಿ ಬಿಡುತ್ತದೆ. ನಮ್ಮೆಜಮಾನರಿಗೆ ಪಲ್ಯ ಮಾಡಿ ಹಾಕುತ್ತೇನೆ.