ಹಿಂದಿನ ಸಾಲಿಗೊಂದು ಪೆಪ್ಪರ್‌ಮಿಂಟ್

ನನ್ನ ಸೋದರಮಾವ ಜೀವಮಾನದಲ್ಲಿ ಒಂದೇ ಒಂದು ವಸ್ತುವನ್ನೂ ಇನ್ನೊಬ್ಬರ ಕೈಗೆ ಕೊಟ್ಟವರಲ್ಲ. ಹಾಗಾದರೆ ಜಿಪುಣರೇ? ಖಂಡಿತ ಅಲ್ಲ! ಅವರು ಎಲ್ಲವನ್ನೂ ಎಸೆಯುತ್ತಿದ್ದರು. ಬೀಗದ ಕೈ, ಬಾಳೆಹಣ್ಣು, ಮದುವೆಯ ಕರೆಯೋಲೆ, ಎಲ್ಲವೂ ಗಾಳಿಯಲ್ಲೇ ಪ್ರಯಾಣ ಮಾಡಬೇಕು. ಲಾಯಿಲದಲ್ಲಿ ಅವರದ್ದೊಂದು ರೇಡಿಯೋ, ಮಿಕ್ಸಿ ರಿಪೇರಿ ಅಂಗಡಿ. ರಿಪೇರಿಯಾದ ಟಾರ್ಚನ್ನು ಗಿರಾಕಿಯತ್ತ ಎಸೆದೇ ಒಪ್ಪಿಸುವುದು. ಹಿಡಿದರೆ ಸರಿ, ಬಿದ್ದರೆ ಇನ್ನೊಮ್ಮೆ ರಿಪೇರಿ. ಮಿಕ್ಸಿಯನ್ನೂ ಎಸೆಯುತ್ತಿದ್ದರು ಎಂದು ನನ್ನ ನೆನಪು ಹೇಳುತ್ತದೆ. ಆದರೆ ನನ್ನ ನೆನಪಿಗೆ ಉಪ್ಪುಖಾರ ಸೇರಿಸುವ ಚಾಳಿ ಇರುವುದರಿಂದ ಮಿಕ್ಸಿಯ ಮುಚ್ಚಳ ಎಂದಿಟ್ಟುಕೊಳ್ಳಿ.

ಅಕ್ಕನ ಮದುವೆಯಲ್ಲಿ ಹಪ್ಪಳ ಬಡಿಸಲು ಇವರ ಕೈಗೆ ಬುಟ್ಟಿ ಕೊಟ್ಟ ಮಹಾನುಭಾವ ಯಾರೋ! ಪಂಕ್ತಿಯ ಈ ತುದಿಯಲ್ಲೇ ನಿಂತು ಎಂಟನೆಯ ಎಲೆಯವರೆಗೆ ಗುರಿ ತಪ್ಪದೆ ಮುಟ್ಟಿಸಿದರು. ಒಂಬತ್ತನೆಯ ಎಲೆಯ ಮುಂದೆ ಕೂತಿದ್ದವರು ವರನ ತಂದೆ. ಹಪ್ಪಳ ನೇರ ಅವರ ಕನ್ನಡಕಕ್ಕೆ ಬಡಿದು, ಪಾಯಸದಲ್ಲಿ ವಿಶ್ರಾಂತಿ ಪಡೆಯಿತು.

ಇಂಥವರ ಕಣ್ಣಿಗೆ ನಮ್ಮ ರೋಬೋಟು ಬಿದ್ದರೆ ಸುಮ್ಮನಿರುತ್ತಾರೆಯೇ? ಎರಡು ಸಾವಿರದ ಇಸವಿಯ ಆಚೀಚೆ. ಮೂಡುಬಿದಿರೆ ಕಡೆ ಇಂಜಿನಿಯರಿಂಗ್ ಓದುತ್ತಿದ್ದ ನಾವು ಮೂವರು, ಅಂದರೆ ನಾನು, ಬಂಟ್ವಾಳದ ಹನೀಫ, ಮೂಡುಬಿದಿರೆಯ ಪದ್ಮಶ್ರೀ, ಕಾಲೇಜಿನ ಪ್ರಾಜೆಕ್ಟಿಗೆಂದು ಪೆಪ್ಪರ್‌ಮಿಂಟ್ ಎಸೆಯುವ ರೋಬೋಟು ಕಟ್ಟಲು ಹೊರಟಿದ್ದೆವು. ಹನೀಫನ ಅಣ್ಣ ದುಬೈಯಿಂದ ತಂದ ರಿಮೋಟ್ ಕಾರಿನ ಗಾಲಿಗಳು, ಗುಜರಿ ಜೀಪಿನ ವೈಪರ್ ಮೋಟಾರು, ನಮ್ಮಮ್ಮನ ತೆಂಗಿನ ಗೆರಟೆಯ ಸೌಟು. ಮೋಟಾರಿನ ವಯರು ಬೆಸೆಯಲು ಮಾವನ ಅಂಗಡಿಗೆ ಹೋದದ್ದೇ ನಮ್ಮ ತಪ್ಪು. ಹತ್ತು ನಿಮಿಷದಲ್ಲಿ ಅವರು ತಂಡದ ನಾಯಕರಾಗಿದ್ದರು. ನಾವು? ಬಿದ್ದ ಪೆಪ್ಪರ್‌ಮಿಂಟ್ ಹೆಕ್ಕುವವರು!

ಮೊದಲ ಎಸೆತ ಒಂದು ಮೊಳ ಹೋಯಿತು. ಮಾವ ಸೈಕಲ್ ಟ್ಯೂಬಿನ ರಬ್ಬರು ಬಿಗಿದರು. ಎರಡನೆಯದು ರಸ್ತೆ ದಾಟಿ ಎದುರಂಗಡಿಯ ದರ್ಜಿಯ ಬೆನ್ನಿಗೆ ಬಿತ್ತು. ಅವರು ಹೊಲಿಗೆ ಯಂತ್ರ ನಿಲ್ಲಿಸದೆಯೇ ಹೇಳಿದರು, "ಮಾರಾಯ್ರೇ, ಪೆಪ್ಪರ್‌ಮಿಂಟ್ ಕೊಡುವುದಾದ್ರೆ ಕರೀರಿ, ನಾನೇ ಬಂದು ತಗೊಳ್ತೇನೆ."

ರಬ್ಬರು ಸಡಿಲಿಸಿದ್ದಾಯಿತು, ಸೌಟಿನ ಹಿಡಿ ಉದ್ದವಾಯಿತು. ಆದರೆ ಮಾವನದ್ದು ಒಂದೇ ಹಟ: ನಲವತ್ತು ಅಡಿ ಹೋಗಬೇಕು, ಅದಕ್ಕಿಂತ ಹತ್ತಿರ ಬೀಳಬಾರದು.

"ಹಾಗಾದ್ರೆ ಎದುರು ಕೂತವರಿಗೆ ಬೇಡ್ವಾ ಮಾವ?" ಪದ್ಮಶ್ರೀ ಕೇಳಿದಳು.

"ಎದುರಿನವರಿಗೆ ಯಾವಾಗ್ಲೂ ಸಿಗ್ತದೆ. ನಾನು ಉದ್ದ ಇದ್ದೆ ಅಂತ ಕೊನೇ ಸಾಲಿನಲ್ಲಿ ಕೂರಿಸ್ತಿದ್ರು. ಆಗಸ್ಟ್ ಹದಿನೈದಕ್ಕೆ ಮೇಷ್ಟ್ರು ನನ್ನ ಹತ್ರ ಬರುವಾಗ ಡಬ್ಬಿ ಖಾಲಿ. ಏಳು ವರ್ಷ."

ನಾನು ನಂಬಲಿಲ್ಲ. ಮಾವ ನಾಲ್ಕನೆಯ ಕ್ಲಾಸಿಗೇ ಶಾಲೆ ಬಿಟ್ಟವರೆಂದು ಅಮ್ಮ ಹೇಳಿದ್ದಳು. ಏಳು ವರ್ಷ ಎಲ್ಲಿಂದ ಬಂತು? ಆದರೆ ಆ ಶಾಲೆ ಮಾತ್ರ ನಿಜ, ಕೊಕ್ಕಡದ ಕಡೆಯದು. ಅದರ ವಾರ್ಷಿಕೋತ್ಸವಕ್ಕೆ, ಕೊನೆಯ ಸಾಲಿನಿಂದಲೇ ಶುರುಮಾಡಿ ಪೆಪ್ಪರ್‌ಮಿಂಟ್ ಹಂಚುತ್ತೇನೆಂದು ಮಾವ ಹೆಡ್ಮಾಷ್ಟ್ರಿಗೆ ಮಾತು ಕೊಟ್ಟುಬಿಟ್ಟಿದ್ದರು.

ಸೌಟಿನ ಕೀಲಿಗೆ ಹನೀಫ ಗ್ರೀಸು ಹಚ್ಚಲು ಹೋದಾಗ ಮಾವ ತಡೆದರು. "ಮಕ್ಕಳು ತಿನ್ನುವ ವಸ್ತು. ತೆಂಗಿನೆಣ್ಣೆ ಹಾಕುವ." ನಮಗೂ ಅದು ಸರಿಯೆನಿಸಿತು. ಹದಿನೈದು ದಿನ ಮಧ್ಯಾಹ್ನದ ಬಿಸಿಲಿನಲ್ಲಿ ಪರೀಕ್ಷಿಸಿದೆವು. ನಲವತ್ತೆಂದರೆ ನಲವತ್ತೇ ಅಡಿ!

ವಾರ್ಷಿಕೋತ್ಸವದ ಧ್ವಜಾರೋಹಣ ಬೆಳಿಗ್ಗೆ ಎಂಟಕ್ಕೆ. ಡಿಸೆಂಬರು. ಘಟ್ಟದ ಬುಡದ ಚಳಿ. ಮಕ್ಕಳೆಲ್ಲ ನೆಲದಲ್ಲಿ ಸಾಲಾಗಿ ಕೂತಿದ್ದರು. ಮಾವ ಗುಂಡಿ ಒತ್ತಿದರು. ಮೋಟಾರು ಗುಂಯ್ ಎಂದಿತು. ಸೌಟು ಅಲುಗಲಿಲ್ಲ. ಮತ್ತೆ ಒತ್ತಿದರು. ಗುಂಯ್. ಹನೀಫ ಬಗ್ಗಿ ನೋಡಿದವನು ಮೆಲ್ಲಗೆ ಹೇಳಿದ, "ಮಾವ, ಎಣ್ಣೆ ಗಟ್ಟಿಯಾಗಿದೆ."

ಡಿಸೆಂಬರಿನಲ್ಲಿ ಎಣ್ಣೆಯ ಬಾಟಲಿಯನ್ನು ಒಲೆಯ ಬದಿಗಿಟ್ಟು ಕರಗಿಸದೆ ತಲೆಗೆ ಹಚ್ಚಿದವರು ನಮ್ಮೂರಿನಲ್ಲಿ ಯಾರಿದ್ದಾರೆ? ಭಾವೀ ಇಂಜಿನಿಯರುಗಳು ಮೂವರಿದ್ದೂ ಒಬ್ಬರಿಗೂ ಹೊಳೆಯಲಿಲ್ಲ!

ಎದುರಿನ ಸಾಲು ನಗತೊಡಗಿತು. ಹೆಡ್ಮಾಷ್ಟ್ರು ದಾಕ್ಷಿಣ್ಯದಿಂದ, "ಪರವಾಗಿಲ್ಲ, ಡಬ್ಬಿ ಇಲ್ಲಿ ಕೊಡಿ, ಎದುರಿನಿಂದ ಹಂಚಿಸ್ತೇನೆ" ಎಂದು ಕೈ ಚಾಚಿದರು. ಹಿಂದಿನ ಸಾಲು ನಗಲಿಲ್ಲ. ಅದಕ್ಕೆ ಮುಂದಿನದು ಗೊತ್ತಿತ್ತು.

ಮಾವ ಡಬ್ಬಿಯನ್ನು ಎದೆಗವಚಿಕೊಂಡರು. ಮಕ್ಕಳ ಬದಿಯಿಂದ ಹಿಂದಿನವರೆಗೂ ನಡೆದರು. ಕೊನೆಯ ಸಾಲಿನ ಕೊನೆಯ ಹುಡುಗಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಅವಳ ಅಂಗೈ ಬಿಡಿಸಿ, ಒಂದು ಪೆಪ್ಪರ್‌ಮಿಂಟ್ ಇಟ್ಟು, ಬೆರಳು ಮಡಚಿದರು. ಆಮೇಲೆ ಪಕ್ಕದವನಿಗೆ. ಹೀಗೆ ಒಬ್ಬೊಬ್ಬರಿಗೂ. ಎದುರಿನ ಸಾಲನ್ನೂ ಮುಗಿಸುವಾಗ ಬಿಸಿಲು ಏರಿತ್ತು, ಡಬ್ಬಿ ಬರಿದಾಗಿತ್ತು. ತಮಗೊಂದನ್ನೂ ಉಳಿಸಿಕೊಂಡಿರಲಿಲ್ಲ. ಹಿಂದಕ್ಕೆ ಹೋಗಿ ಕೊನೆಯ ಸಾಲಿನ ತುದಿಯಲ್ಲಿ, ಮಕ್ಕಳ ನಡುವೆ, ಉದ್ದ ಕಾಲು ಮಡಚಿ ಕೂತರು.

ಆಗ ಸೌಟು ಟಪ್ಪೆಂದಿತು. ಅದರಲ್ಲೇ ಉಳಿದಿದ್ದ ಪೆಪ್ಪರ್‌ಮಿಂಟು ಎಲ್ಲರ ತಲೆಯ ಮೇಲಿಂದ ಹಾರಿ ಮಾವನ ಮಡಿಲಿಗೆ ಬಿತ್ತು. ಅವರು ಕಾಗದ ಬಿಡಿಸಿ, ಬಾಯಿಗೆ ಹಾಕಿಕೊಂಡು, ತಲೆ ತಗ್ಗಿಸಿ ತುಂಬ ಹೊತ್ತು ಚೀಪಿದರು.

ಇದು ನನ್ನ ನೆನಪು. ಸೌಟು ಅವತ್ತು ಅಲುಗಲೇ ಇಲ್ಲ ಎನ್ನುತ್ತಾಳೆ ಪದ್ಮಶ್ರೀ. ಹಾರಿದ್ದು ಹೌದು, ಹೆಡ್ಮಾಷ್ಟ್ರ ಕೊಡೆಗೆ ಬಿತ್ತು ಎನ್ನುತ್ತಾನೆ ಹನೀಫ. ಯಾರದ್ದು ಸರಿಯೋ! ಒಂದು ವಿಷಯದಲ್ಲಿ ಮಾತ್ರ ನಮಗೆ ಮೂವರಿಗೂ ತಕರಾರಿಲ್ಲ: ಅವತ್ತು ಮಾವ ಒಂದನ್ನೂ ಎಸೆಯಲಿಲ್ಲ.