ಡಾಕ್ಟರ್ ಸಾಹೇಬರ ಮದರ್‌ಬೋರ್ಡ್

ಆಕ್ಲೆಂಡಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟವನಿಗೆ ನಗೋದಕ್ಕೆ ಟೀವಿ ಬೇಕಿಲ್ಲ, ಗಿರಾಕಿಗಳೇ ಸಾಕು. ಅದರಲ್ಲೂ ನಮ್ಮೋರು ಬಂದರೆ ವಾರವಿಡೀ ಹಬ್ಬ.

೧. ಹದಿನೆಂಟು ಫೇಸು

ಇಲ್ಲೇ ಫ್ಲ್ಯಾಟ್ ಬುಷ್ ಬಡಾವಣೆಯಿಂದ ಧಾರವಾಡ ಕಡೆಯ ಡಾಕ್ಟರೊಬ್ಬರು ಬಂದರು, ಜೊತೆಗೆ ಮಗಳು. ಅವಳದು ಆರ್ಕಿಟೆಕ್ಚರ್ ಕೊನೇ ವರ್ಷ. ಸೋಮವಾರ ಪ್ರಾಜೆಕ್ಟ್ ಒಪ್ಪಿಸಬೇಕು, ಲ್ಯಾಪ್‌ಟಾಪ್ ಕೈಕೊಟ್ಟಿದೆ. ಬದಲಿಗೆ ಡೆಸ್ಕ್‌ಟಾಪ್ ಜೋಡಿಸೋಕೆ ಅಂತ ಸಾಧಾರಣ ಮದರ್‌ಬೋರ್ಡ್ ತೋರಿಸಿದೆ. ಸಾಹೇಬರು ಮೂಗು ಮುರಿದರು.

"ಓವರ್‌ಕ್ಲಾಕ್ ಮಾಡಿ ಸ್ಪೀಡ್ ಏರಿಸೋದು ಕೊಡ್ರಿ. ಇದರಾಗ ಪವರ್ ಫೇಸ್ ಎಂಟೇ ಅದಾವ, ಆ ದುಬಾರಿ ಬೋರ್ಡಿನಾಗ ಹದಿನೆಂಟು!"

"ಫೇಸ್ ಅಂದ್ರೆ ಏನು ಗೊತ್ತಾ ಸರ್?"

"ಹೆಚ್ಚಿದ್ದಷ್ಟೂ ಚಲೋ ಅಂತ ಗೊತ್ತದ."

ದಿನವಿಡೀ ರೋಗಿಗಳಿಗೆ ಬಿ.ಪಿ. ಇಳಿಸಿ ಅಂತ ಬುದ್ಧಿ ಹೇಳೋ ಮಹಾನುಭಾವ, ಪ್ರೊಸೆಸರಿಗೆ ವೋಲ್ಟೇಜ್ ಏರಿಸೋಕೆ ತುದಿಗಾಲಲ್ಲಿ ನಿಂತಿದ್ದರು.

೨. ಗೀರು ಬಿದ್ದೀತು

ನಾನೇ ಜೋಡಿಸಿ ಕೊಡ್ತೀನಿ ಅಂದೆ. "ಮನುಷ್ಯಾರನ್ನ ಬಿಚ್ಚಿ ಹೊಲಿದಾಂವ ನಾ, ಇದೇನ್ ಮಹಾ!" ಅಂತ ಸಾಮಾನೆಲ್ಲ ಹೊತ್ತುಕೊಂಡು ಹೋದರು.

ಶನಿವಾರ ಮಗಳ ಫೋನು. "ಅಂಕಲ್, ಪ್ಲೀಸ್ ಕಮ್. ಇಟ್ ಕೀಪ್ಸ್ ಫ್ರೀಝಿಂಗ್!" ಹೋಗಿ ಬಿಚ್ಚಿದೆ. ಬೋರ್ಡಿನ ಮೇಲಿನ ಡ್ರೈವನ್ನು ತಣ್ಣಗಿಡೋ ಹೀಟ್‌ಸಿಂಕಿನ ತಳದಲ್ಲಿ 'ತೆಗೆಯಿರಿ' ಅಂತ ಬರೆದ ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು. ಡ್ರೈವ್ ಕಾದು ಕೆಂಡ.

"ಹೊಸಾದ್ರೀ, ಗೀರು ಬಿದ್ದೀತು ಅಂತ ಬಿಟ್ಟೀನಿ," ಅಂದರು.

ಹಾಳೆ ಕಿತ್ತೆ, ಕಂಪ್ಯೂಟರ್ ಓಡಿತು. ಕಾಫಿ ಕುಡಿಯೋಕೆ ಕೂತೆ. ಸೋಫಾ ಪರಪರ ಅಂತು. ಅದರ ಪ್ಲಾಸ್ಟಿಕ್ಕಿಗೆ ಆಗಲೇ ನಾಲ್ಕು ವರ್ಷವಂತೆ.

೩. ಗರ್ಭಗುಡಿ

ಇನ್ನು ಮುಟ್ಟಬೇಡಿ ಅಂತ ಕೈಮುಗಿದು ಬಂದಿದ್ದೆ. ಭಾನುವಾರ ಅಪ್ಪ-ಮಗಳು ಕಂಪ್ಯೂಟರ್ ಸಮೇತ ಅಂಗಡಿ ಬಾಗಿಲಲ್ಲಿ! ಹುಡುಗಿ ಕಣ್ಣಲ್ಲಿ ನೀರು.

"ಪೂಜಿ ಮಾಡದ ಚಾಲೂ ಮಾಡಿದ್ದಕ್ಕ ಹಂಗಾಗಿತ್ತು ಅಂತ, ಬಿಚ್ಚಿ ಅಕ್ಷತಿ ಹಾಕಿದೆ," ಅಂದರು ಸಾಹೇಬರು.

"ಎಲ್ಲಿಗೆ ಹಾಕಿದ್ರಿ?"

"ಪ್ರೊಸೆಸರ್ ತಗದು, ಅದರ ಕೆಳಗ. ಅದೇ ಅಲ್ರಿ ಗರ್ಭಗುಡಿ?"

ಅಯ್ಯೋ ಶಿವನೇ! ಸಾಕೆಟ್ಟಿನಲ್ಲಿ ಎರಡು ಅಕ್ಕಿ ಕಾಳು. ಅವುಗಳ ಮೇಲೇ ಪ್ರೊಸೆಸರ್ ಒತ್ತಿ ಕೂರಿಸಿದ್ದಾರೆ. ಕೂದಲೆಳೆಯಂಥ ಪಿನ್ನುಗಳೆಲ್ಲ ಸಾಷ್ಟಾಂಗ ಬಿದ್ದಿದ್ದವು.

ಅವಳ ಫೈಲುಗಳಿದ್ದ ಡ್ರೈವ್ ಕಿತ್ತು ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರಿಗೆ ಹಾಕಿ, ಹುಡುಗಿಯನ್ನು ಅಲ್ಲೇ ಕೂರಿಸಿದೆ. ಪುಣ್ಯಕ್ಕೆ ಫೈಲು ತೆರೆಯಿತು. ಸಂಜೆಯೊಳಗೆ ಪ್ರಾಜೆಕ್ಟ್ ಕಳಿಸಿದಳು. ಅಲ್ಲೀತನಕ ಅಪ್ಪನಿಗೆ ಕಾರಲ್ಲೇ ಕೂತಿರೋಕೆ ಮಗಳ ಹುಕುಂ ಆಗಿತ್ತು.

ಆಮೇಲೆ ಸಾಹೇಬರು ಒಳಗೆ ಬಂದು ವಾರಂಟಿ ಕೇಳಿದರು. ಫಾರಂ ಕೊಟ್ಟೆ. 'ಹಾಳಾಗಲು ಕಾರಣ' ಅನ್ನೋ ಕಡೆ, ಅಭ್ಯಾಸಬಲ ನೋಡಿ, ಒಂಚೂರೂ ಅಳುಕದೆ 'ಸ್ವಾಭಾವಿಕ ಸಾವು' ಅಂತ ಬರೆದರು.

ಮಗಳು ಪೆನ್ನು ಕಿತ್ತುಕೊಂಡಳು. ಅದನ್ನು ಹೊಡೆದುಹಾಕಿ ಒಂದೇ ಪದ ಬರೆದಳು: 'ಡ್ಯಾಡ್'.