ಭಾವನ ಬೆನ್ನು

ಡ್ರಾಯಿಂಗ್ ಮಾಸ್ತರನೆಂದು ಸಂಬಳ ಎಣಿಸಿದ ನನಗೆ ಮನುಷ್ಯರ ಮುಖ ಬರೆಯಲು ಬರುವುದಿಲ್ಲ. ಬೈಂದೂರು ಕಡೆಯ ಹೈಸ್ಕೂಲಿನಲ್ಲಿ ನಾನು ಮಕ್ಕಳಿಗೆ ಕಲಿಸಿದ್ದು ಹೂಜಿ, ತೆಂಗಿನಮರ, ಸೂರ್ಯಾಸ್ತ. ಚಿತ್ರದಲ್ಲಿ ಮನುಷ್ಯರು ಬೇಕೇ ಬೇಕು ಎಂದಾಗ ಅವರ ತಲೆಯ ಮೇಲೊಂದು ಹುಲ್ಲಿನ ಹೊರೆ ಹೊರಿಸಿ, ಮುಖವೆಲ್ಲ ನೆರಳಿನಲ್ಲಿ ಹೋಗುವಂತೆ ನೋಡಿಕೊಳ್ಳುತ್ತಿದ್ದೆ. ತಪಾಸಣೆಗೆ ಬಂದ ಸಾಹೇಬರೊಬ್ಬರು ಅದನ್ನೇ ನೆರಳು ಬೆಳಕಿನ ಒಳ್ಳೆಯ ಅಭ್ಯಾಸ ಎಂದು ಹೊಗಳಿದ ಮೇಲಂತೂ ನನ್ನ ಹೊರೆಗಳು ಇನ್ನಷ್ಟು ದೊಡ್ಡವಾದವು.

ಈ ಗುಟ್ಟು ಬಯಲಾದದ್ದು ಜಲಜಳ ಮದುವೆ ನಿಶ್ಚಯವಾದಾಗ. ಜಲಜ, ಶಿರೂರಿನಲ್ಲಿರುವ ನನ್ನ ಅಕ್ಕ ಗಿರಿಜೆಯ ಒಬ್ಬಳೇ ಮಗಳು. ದೋಣಿ ಮಗುಚಿ ಶೀನ ಭಾವ ತೀರಿಕೊಂಡಾಗ ಮಗುವಿಗೆ ಎಂಟು ತಿಂಗಳು. ಅಕ್ಕ ಬುಟ್ಟಿ ಹೊತ್ತು ಮೀನು ಮಾರಿ ಅವಳನ್ನು ಬೆಳೆಸಿದಳು. ಭಾವನದೆಂದು ಮನೆಯಲ್ಲಿ ಇದ್ದದ್ದು ಮದುವೆಯಲ್ಲಿ ತೆಗೆಸಿದ ಒಂದೇ ಫೋಟೋ. ಅದೂ ಒಂದು ಮಳೆಗಾಲದ ಥಂಡಿಗೆ ಗಾಜಿಗೆ ಅಂಟಿ, ಬಿಡಿಸಲು ಹೋದಾಗ ಮುಖವೇ ಕಿತ್ತು ಹೋಗಿತ್ತು.

"ಮಾಮ, ಧಾರೆ ದಿನ ಅಪ್ಪಯ್ಯನ ಪಟಕ್ಕೆ ಕೈ ಮುಗಿಕ್ ಅಂದೇಳಿ ಆಸೆ ಇತ್. ನೀವೊಂದ್ ಮಾಡಿ ಕೊಡ್ತ್ರಿಯಾ?" ಎಂದು ಜಲಜ ಕೇಳಿದಳು. ಆಗುವುದಿಲ್ಲ ಎನ್ನಬೇಕಿತ್ತು. "ಅದೆಂತ ದೊಡ್ಡ ಕೆಲ್ಸ?" ಎಂದುಬಿಟ್ಟೆ.

ಹಾಗೆನ್ನಲು ಒಂದು ಕಾರಣವಿತ್ತು. ಹಡಗಿನಲ್ಲಿ ದುಡಿಯುವ ನನ್ನ ಹಳೆಯ ವಿದ್ಯಾರ್ಥಿ ನಾಗೇಶ ಜಪಾನಿನ ಯಾವುದೋ ಬಂದರಿನಿಂದ ಒಂದು ಸುರುಳಿ ಬಣ್ಣ ಬಣ್ಣದ ಕಾಗದ ತಂದುಕೊಟ್ಟಿದ್ದ. ಗಿಡದ ತೊಗಟೆಯ ನಾರಿನಿಂದ ಕೈಯಲ್ಲೇ ಮಾಡುವ ಕಾಗದವಂತೆ, ವಾಶಿ ಎಂದು ಹೆಸರು. ಬಟ್ಟೆಯಷ್ಟು ಮೆತ್ತಗೆ. ಅದನ್ನು ಕತ್ತರಿಸದೆ, ಕೈಯಲ್ಲೇ ಹರಿದು ಅಂಟಿಸಿ ಚಿತ್ರ ಮಾಡುವುದಕ್ಕೆ ಚಿಗಿರಿ-ಎ ಎನ್ನುತ್ತಾರೆಂದು ಅವನೇ ಹೇಳಿದ್ದ. ನನ್ನ ಹೆಂಡತಿ ಇವತ್ತಿಗೂ ಅದನ್ನು 'ಚಿಗುರು' ಎಂದೇ ಕರೆಯುತ್ತಾಳೆ. ಬರೆಯಲು ಬಾರದ ಮುಖ ಹರಿದಾದರೂ ಬಂದೀತು ಎಂಬುದು ನನ್ನ ಲೆಕ್ಕ.

ಮೈದಾ ಕುದಿಸಿ, ಜಿರಳೆ ತಿನ್ನದಿರಲಿ ಎಂದು ಚೂರು ಮೈಲುತುತ್ತು ಹಾಕಿ ಅಂಟು ಮಾಡಿದೆ. ಒದ್ದೆ ಕುಂಚದಿಂದ ಗೆರೆ ಎಳೆದು ಮೆಲ್ಲಗೆ ಜಗ್ಗಿದರೆ ಕಾಗದ ಆ ಗೆರೆಗುಂಟ ಬಿಟ್ಟುಕೊಂಡು, ಅಂಚಿನಲ್ಲಿ ಎಳೆಮಗುವಿನ ಕೂದಲಿನಂಥ ನಾರು ನಿಲ್ಲುತ್ತಿತ್ತು. ಅಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಮುಖ. ಭಾವನ ನಗು ನನಗೆ ಚೆನ್ನಾಗಿ ನೆನಪಿತ್ತು. ಅದು ಎಂಥ ಮೂಗಿನ ಕೆಳಗೆ, ಎಂಥ ತುಟಿಯ ಮೇಲೆ ಇತ್ತೆಂಬುದು ನೆನಪಿರಲಿಲ್ಲ. ಮೂರು ವಾರದಲ್ಲಿ ನಾಲ್ಕು ಮುಖ ಮಾಡಿದೆ. ಮೊದಲ ಮೂರು ಯಾರದ್ದೂ ಅಲ್ಲ. ನಾಲ್ಕನೆಯದನ್ನು ನೋಡಿ ಹೆಂಡತಿ, "ನಿಮ್ದೇ ಪಟ ಮಾಡ್ಕಂಡ್ರ್ಯಾ?" ಎಂದು ಕೇಳಿದಳು.

ಆ ಭಾನುವಾರ ಅಕ್ಕ ಬಂದಳು. ಬುಟ್ಟಿ ಜಗಲಿಯಲ್ಲಿಟ್ಟು, ಕೈ ತೊಳೆದು, ಚಿತ್ರದ ಮುಂದೆ ಕುಳಿತಳು. ತುಂಬ ಹೊತ್ತು ನೋಡಿದಳು. ನಾನು ಬೈಗುಳಕ್ಕೆ ಸಿದ್ಧನಾದೆ.

"ಇದ್ ಅವ್ರಲ್ಲ," ಎಂದಳು. ಆಮೇಲೆ ಒಳಗೆ ಹೆಂಡತಿಗೆ ಕೇಳಿಸದಂತೆ ದನಿ ತಗ್ಗಿಸಿದಳು. "ಯಾರಿಗೂ ಹೇಳ್ಬೇಡ ತಮ್ಮ. ಅವ್ರ್ ಮೊಖ ನಂಗೂ ಈಗ ಸಮ ನೆನಪಿಲ್ಲೆ. ಗಂಡನ್ ಮೊಖ ಮರ್ತವ್ಳ್ ಅಂದ್ರೆ ಜನ ಎಂತ ಹೇಳ್ತ್ರ್?"

ಅಕ್ಕ ಅತ್ತದ್ದನ್ನು ನಾನು ನೋಡಿದ್ದೆ. ಹೀಗೆ ನಾಚಿದ್ದನ್ನು ನೋಡಿರಲಿಲ್ಲ. ಇಷ್ಟು ವರ್ಷ ಅವಳು ಒಮ್ಮೆಯೂ ನನ್ನ ಬಳಿ ಭಾವನ ಪಟ ಕೇಳದಿದ್ದದ್ದು ಯಾಕೆಂದು ಆಗ ಹೊಳೆಯಿತು.

"ಎಂತ ನೆನಪಿತ್ ಅಕ್ಕ?" ಎಂದೆ.

"ಬೆನ್ನ್. ಅವ್ರ್ ದೋಣಿಗ್ ಹೋಪಾಗ ದಿನಾ ಬಾಗ್ಲಲ್ ನಿಂತ್ ನಾ ಕಾಂಬುದ್ ಬೆನ್ನೇ ಅಲ್ದಾ?"

ಉಳಿದಿದ್ದ ಕಾಗದ ಅವಳ ಮುಂದಿಟ್ಟೆ. ಕುಂಚ ಹಿಡಿಯಲು ಹೇಳಿಕೊಟ್ಟೆ. ಅವಳು ಅದನ್ನು ಬದಿಗಿಟ್ಟು ಬೆರಳು ನೀರಿನಲ್ಲಿ ಅದ್ದಿದಳು. ಮೀನಿನ ಮುಳ್ಳು ಬಿಡಿಸಿ ಪಳಗಿದ ಬೆರಳು. ಕಾಗದ ಅವಳು ಹೇಳಿದ ಹಾಗೆ ಕೇಳಿತು. ಮಣ್ಣು ಬಣ್ಣದ ಬೆನ್ನು, ಎತ್ತಿ ಕಟ್ಟಿದ ನೀಲಿ ಲುಂಗಿ, ತಲೆಗೆ ಸುತ್ತಿದ ಬಿಳಿ ಬೈರಾಸು, ಬಲ ಹೆಗಲ ಮೇಲೆ ಬಲೆ. "ಎಡದ್ ಹೆಗ್ಲ್ ಒಂಚೂರ್ ತಗ್ಗ್," ಎಂದು ಎರಡು ಸಲ ಕಿತ್ತು ಮತ್ತೆ ಇಟ್ಟಳು. ನಾನು ಅಂಟು ಹಚ್ಚುತ್ತ ಹೋದೆ.

ಜಲಜ ಬಂದು ನೋಡಿದಾಗ ಮುಖವಿಲ್ಲದ್ದಕ್ಕೆ ಬೇಸರಿಸುತ್ತಾಳೆಂದು ನಾವಿಬ್ಬರೂ ಹೆದರಿದ್ದೆವು. ಅವಳ ಕೈ ತಾನಾಗಿ ತನ್ನ ಹೆಗಲಿಗೆ ಹೋಯಿತು. "ರವಕೆ ಹೊಲಿವವ್ರ್ ಯಾಗ್ಳೂ ಬೈತ್ರ್, ನಿನ್ ಎಡದ್ ಹೆಗ್ಲ್ ತಗ್ಗ್ ಅಂದೇಳಿ. ಇದ್ ಅಪ್ಪಯ್ಯಂದಾ?" ಎಂದವಳು ಅಲ್ಲೇ ಕುಳಿತು ಅತ್ತಳು. ಅಕ್ಕ ಅವಳ ಬೆನ್ನು ಸವರುತ್ತ ಕುಳಿತಳು.

ಮದುವೆಯ ದಿನ ಪಟ ಮಂಟಪದ ಪಕ್ಕದಲ್ಲಿತ್ತು. ಭಾವನ ಜೊತೆ ದೋಣಿಗೆ ಹೋಗುತ್ತಿದ್ದ ಮುದುಕರೊಬ್ಬರು ಅದರ ಮುಂದೆ ನಿಂತು, "ಹ್ವಾಯ್, ಇದ್ ನಮ್ ಶೀನ ಅಲ್ದಾ!" ಎಂದರು. ರಜೆಯಲ್ಲಿ ಬಂದಿದ್ದ ನಾಗೇಶ ನನ್ನ ಕಾಲಿಗೇ ಬಿದ್ದ. "ಮಾಸ್ಟ್ರೇ, ಮುಖ ಇಲ್ದೆ ಮನ್ಷನ್ನ ತೋರ್ಸುದ್ ಅಂದ್ರೆ ಸಾಮಾನ್ಯವಾ!" ಎಂದು ನಾಲ್ಕು ಜನರಿಗೆ ಕೇಳುವಂತೆ ಹೊಗಳಿದ. ಮಾಡಿದ್ದು ನಾನಲ್ಲ ಎನ್ನಲು ಬಾಯಿ ತೆರೆದೆ; ನಂಬಿ, ತೆರೆದೆ. ಆದರೆ ಹೊಗಳಿಕೆ ಇನ್ನೂ ಮುಗಿದಿರಲಿಲ್ಲವಲ್ಲ, ನಡುವೆ ಬಾಯಿ ಹಾಕುವುದು ಸರಿಯಲ್ಲವೆಂದು ಸುಮ್ಮನಾದೆ.

ಪಕ್ಕದಲ್ಲಿ ಎಲೆ ಅಡಿಕೆಯ ತಟ್ಟೆ ಹಿಡಿದು ನಿಂತಿದ್ದ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. "ಹೌದ್ ಮಗಾ," ಎಂದಳು ನಾಗೇಶನಿಗೆ, "ನಮ್ ತಮ್ಮ ಅಂಟ್ ಭಾರಿ ಲಾಯ್ಕ್ ಮಾಡ್ತ."